ನಿದ್ದೆಗೇಡಿ ದೇಶಭಕ್ತಿ

2023ರ ಅಕ್ಟೋಬರಿನಲ್ಲಿ ಎನ್. ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಎರಡು ದೇಶಗಳನ್ನು ಸಾಕ್ಷಿಗೆ ಕರೆದರು: ಎರಡನೇ ಮಹಾಯುದ್ಧದ ನಂತರದ ಜರ್ಮನಿ ಮತ್ತು ಜಪಾನ್. ಗಂಟೆಗಳ ಬಗ್ಗೆ ಆಗ ಬೇಕಾದಷ್ಟು ಜಗಳವಾಯಿತು. ಸಾಕ್ಷಿಯನ್ನು ಮಾತ್ರ ನಾವು ಯಾರೂ ಸರಿಯಾಗಿ ಪಾಟೀಸವಾಲು ಮಾಡಲಿಲ್ಲ. ಇವತ್ತಿಗೂ ರಾತ್ರಿ ಹನ್ನೊಂದರ ಕಾಲ್‌ಗೆ ಯಾರಾದರೂ ಗೊಣಗಿದರೆ, ಜಪಾನಿನವರನ್ನು ನೋಡಿ ಕಲಿಯಿರಿ ಎಂಬ ಉಪದೇಶ ಸಿದ್ಧವಾಗಿರುತ್ತದೆ. ಸರಿ, ನೋಡಿಯೇ ಬಿಡೋಣ. ನಾನು ಕರೆಯುವ ಸಾಕ್ಷಿ ಒಬ್ಬ ಮಾಂಗಾ ಕಲಾವಿದರು, ಹೆಸರು ಶಿಗೆರು ಮಿಜುಕಿ.

1922ರಲ್ಲಿ ಹುಟ್ಟಿ, ಸಕಾಯಿಮಿನಾತೊ ಎಂಬ ಕಡಲೂರಿನಲ್ಲಿ ಬೆಳೆದವರು. ಬೆಳಿಗ್ಗೆ ಬೇಗ ಏಳದ, ಹೊಟ್ಟೆ ತುಂಬ ತಿಂದಲ್ಲದೆ ಶಾಲೆಗೆ ಹೊರಡದ ಹುಡುಗ. ಸೈನ್ಯ ಇಂಥವರನ್ನೂ ಬಿಡಲಿಲ್ಲ, ಪೆಸಿಫಿಕ್‌ನ ನ್ಯೂ ಬ್ರಿಟನ್ ದ್ವೀಪಕ್ಕೆ ಕಳಿಸಿತು. ಅಲ್ಲೊಂದು ಮುಂಜಾವು ಪಹರೆಯಲ್ಲಿದ್ದ ಮಿಜುಕಿ ದುರ್ಬೀನು ಹಿಡಿದು ಗಿಳಿಗಳನ್ನು ನೋಡುತ್ತ ಮೈಮರೆತಿದ್ದರು. ಅದೇ ಹೊತ್ತಿಗೆ ದಾಳಿಯಾಗಿ ಜೊತೆಯವರೆಲ್ಲ ಸತ್ತರು. ಕಾಡು, ಕಡಲು ದಾಟಿ ಹೇಗೋ ಶಿಬಿರ ಸೇರಿದವರಿಗೆ ಸಿಕ್ಕಿದ್ದು, ಎಲ್ಲರೂ ಸತ್ತಾಗ ನೀನೊಬ್ಬ ಯಾಕೆ ಬಂದೆ ಎಂಬ ಬೈಗುಳ. ಮುಂದೆ ಮಲೇರಿಯಾ ಬಂತು. ಆಮೇಲೆ ಬಾಂಬು ಬಿದ್ದು ಎಡಗೈ ಹೋಯಿತು.

1973ರಲ್ಲಿ ಅವರು ಇದನ್ನೆಲ್ಲ 'ಸೋಯಿನ್ ಗ್ಯೊಕುಸಾಯಿ ಸೇಯೊ!' ಎಂಬ ಚಿತ್ರಕಥೆ ಮಾಡಿದರು. ಅದರಲ್ಲಿ ಒಂದು ತುಕಡಿಗೆ ಶತ್ರುವಿನ ಮೇಲೆ ನುಗ್ಗಿ ಸಾಯುವಂತೆ ಆಜ್ಞೆಯಾಗುತ್ತದೆ. ಕೆಲವರು ಬದುಕಿ ಉಳಿಯುತ್ತಾರೆ. ಆದರೆ ತುಕಡಿ ಪೂರ್ತಿ ವೀರಮರಣ ಹೊಂದಿತೆಂಬ ವರದಿ ಅಷ್ಟರಲ್ಲಿ ಮೇಲಕ್ಕೆ ಹೋಗಿದೆ. ಹಾಗಾಗಿ ಬದುಕಿದವರನ್ನು ಮತ್ತೊಮ್ಮೆ ಸಾಯಲು ಕಳಿಸುತ್ತಾರೆ. ಮನುಷ್ಯ ಸತ್ತರೂ ಸರಿ, ವರದಿ ಸುಳ್ಳಾಗಬಾರದು. ತಿಂಗಳ ಕೊನೆಯಲ್ಲಿ ಎಕ್ಸೆಲ್ ಶೀಟಿನ ಹಸಿರು ಕೆಂಪಿಗೆ ತಿರುಗದಂತೆ ಕಾಯುವವರಿಗೆ ಈ ತರ್ಕದ ಪರಿಚಯ ಇದ್ದೇ ಇರುತ್ತದೆ. ಯುದ್ಧಕ್ಕೂ ಆಫೀಸಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಹೋಲಿಸಿದವನು ನಾನಲ್ಲ. ದೇಶಕ್ಕಾಗಿ ದುಡಿಯಿರಿ ಎನ್ನುತ್ತ ಟೈಮ್‌ಶೀಟಿನೊಳಗೆ ದೇಶವನ್ನು ತಂದವರು ಅವರು.

'ಆದರೆ ಮಿಜುಕಿ ಕೂಡ ಹಗಲೂ ರಾತ್ರಿ ದುಡಿದರಲ್ಲ?' ಹೌದು, ದುಡಿದರು. ಯುದ್ಧ ಮುಗಿದ ಮೇಲೆ ಮಕ್ಕಳಿಗೆ ಬೀದಿಯಲ್ಲಿ ಕಥೆ ಹೇಳುವವರಿಗೆ ಬೇಕಾದ ಚಿತ್ರದ ಹಲಗೆಗಳನ್ನು ಬರೆದರು. ಆ ಕಸುಬು ಸತ್ತ ಮೇಲೆ ಬಾಡಿಗೆ ಪುಸ್ತಕದಂಗಡಿಗಳಿಗಾಗಿ ಮಾಂಗಾ ಬರೆದರು. ಒಂದೇ ಕೈಯಲ್ಲಿ, ವರ್ಷಗಟ್ಟಲೆ. ಆದರೂ ಮನೆಯಲ್ಲಿ ಉಳಿದದ್ದು ಗಿರವಿ ಅಂಗಡಿಯ ಚೀಟಿಗಳು. ದೊಡ್ಡ ವಾರಪತ್ರಿಕೆಗಳ ಪ್ರಕಾಶಕರು ಬಾಗಿಲಿಗೆ ಬಂದು, 'ತೆರೆಬಿ-ಕುನ್' ಕಥೆಗೆ ಕೊದಾನ್ಶಾ ಪ್ರಶಸ್ತಿ ಸಿಕ್ಕಾಗ ಅವರಿಗೆ ನಲವತ್ತು ದಾಟಿತ್ತು. 1968ರಲ್ಲಿ ಅವರ ಭೂತಲೋಕದ ಹುಡುಗ ಕಿತಾರೊ ಟಿವಿಗೆ ಬಂದ. ದುಡಿಮೆಯ ಗಂಟೆ ಎರಡೂ ಕಾಲದಲ್ಲಿ ಇತ್ತು, ಬದಲಾದದ್ದು ಕೂಲಿ. ಗಂಟೆಯಿಂದಲೇ ಏಳಿಗೆ ಎನ್ನುವವರು ಈ ಲೆಕ್ಕ ಬಿಡಿಸಲಿ.

ಮುಂದೆ ಅವರು ನಿದ್ದೆಯ ಬಗ್ಗೆಯೇ ಒಂದು ಪುಟ್ಟ ಚಿತ್ರಕಥೆ ಬರೆದರು. ಅದರಲ್ಲಿ ಒಸಾಮು ತೆಜುಕಾ ಮತ್ತು ಶೋತಾರೊ ಇಶಿನೊಮೊರಿ ತಾವು ಎಷ್ಟು ರಾತ್ರಿ ನಿದ್ದೆಗೆಟ್ಟೆವು ಎಂದು ಜಂಬ ಕೊಚ್ಚಿಕೊಳ್ಳುತ್ತಾರೆ. ಮಿಜುಕಿ ಮಾತ್ರ, ಎಷ್ಟೇ ಕೆಲಸವಿರಲಿ, ನಾನು ಮಲಗುತ್ತೇನೆ ಎನ್ನುತ್ತಾರೆ. ತೆಜುಕಾ 1989ರಲ್ಲಿ, ಇಶಿನೊಮೊರಿ 1998ರಲ್ಲಿ, ಇಬ್ಬರೂ ಅರವತ್ತಕ್ಕೇ ಹೋದರು. ಮಿಜುಕಿ 91ನೇ ವಯಸ್ಸಿನಲ್ಲಿ ಹೊಸ ಧಾರಾವಾಹಿ ಶುರು ಮಾಡಿ, 2015ರಲ್ಲಿ 93 ತುಂಬಿದವರಾಗಿ ತೀರಿಕೊಂಡರು.

ತೆಜುಕಾರನ್ನು ಒಯ್ದದ್ದು ಹೊಟ್ಟೆಯ ಕ್ಯಾನ್ಸರ್. ನಿದ್ದೆಗೇಡೇ ಕೊಂದಿತು ಎಂದು ನಾನು ಹೇಳುವುದಿಲ್ಲ. ಒಂದೂವರೆ ಲಕ್ಷ ಪುಟಗಳಷ್ಟು ಬರೆದವರೆಂದು ಖ್ಯಾತರಾದ ಆ ಮಹಾನುಭಾವರ ಬಗ್ಗೆ ನನಗೆ ಗೌರವವೇ ಇದೆ. ಅವರು ನಿದ್ದೆಗೆಟ್ಟಿದ್ದು ತಮ್ಮದೇ ಕಥೆಗಾಗಿ, ಪುಸ್ತಕದ ಬೆನ್ನ ಮೇಲಿರುವುದು ಅವರದೇ ಹೆಸರು. ರಾತ್ರಿ ಎರಡಕ್ಕೆ ನಾವು ಮುಚ್ಚುವ ಟಿಕೆಟ್ಟಿನ ಮೇಲೆ ಯಾರ ಹೆಸರಿದೆ? ಕಲಾವಿದನ ಹುಚ್ಚನ್ನು ಗುಮಾಸ್ತನ ಕರ್ತವ್ಯ ಮಾಡುವ ಈ ಕೈಚಳಕವೇ ನನ್ನ ತಕರಾರು.

ಇನ್ನು ಜಪಾನ್ ತಾನೇ ಏನು ಕಲಿಯಿತು? ದುಡಿದು ದುಡಿದು ಸಾಯುವುದಕ್ಕೆ 'ಕರೋಶಿ' ಎಂಬ ಹೆಸರಿಡಬೇಕಾದ ದೇಶ ಅದು. 2014ರಲ್ಲಿ ಕರೋಶಿ ತಡೆಯಲೆಂದೇ ಕಾನೂನು ತಂದಿತು. 2018ರ ಸುಧಾರಣೆಯಲ್ಲಿ ಓವರ್‌ಟೈಮಿಗೆ ಸಾಮಾನ್ಯವಾಗಿ ತಿಂಗಳಿಗೆ 45, ವರ್ಷಕ್ಕೆ 360 ಗಂಟೆಯ ಮಿತಿ ಹಾಕಿತು. ಅವರು ಕಕ್ಕುತ್ತಿರುವ ಮದ್ದನ್ನು ನಮಗೆ ಟಾನಿಕ್ಕೆಂದು ಕುಡಿಸಲಾಗುತ್ತಿದೆ.

ಊರು ಬಿಟ್ಟು ಪುಣೆ, ಹೈದರಾಬಾದು, ಚೆನ್ನೈ ಸೇರಿದ ನಮಗೆ ಈ ಕುಡಿಸಾಟ ಇನ್ನೂ ಸಲೀಸು. ಪೀಜಿ ರೂಮಿನಲ್ಲಿ ಊಟಕ್ಕೆ ಕಾಯುವವರಿಲ್ಲ, ಇನ್ನೂ ಮಲಗಲಿಲ್ಲವಾ ಎಂದು ಬೈಯುವ ಅಮ್ಮ ಇಲ್ಲ. ಒಂಟಿಯಾಗಿರುವವರ ಹೊತ್ತು ಎಲ್ಲರಿಗೂ ಅಗ್ಗ. ಮೇಲಿನವರಿಗೆ ಬುದ್ಧಿ ಹೇಳುವುದು ನಮ್ಮ ಕೈಲಿಲ್ಲದಿರಬಹುದು. ಆದರೆ ನಮ್ಮಲ್ಲಿ ಎಷ್ಟೋ ಜನ ಈಗಾಗಲೇ ಟೀಮ್ ಲೀಡುಗಳು. ಹೊಸದಾಗಿ ಸೇರಿದ ಹುಡುಗ ಮೂರು ರಾತ್ರಿ ಕೂತು ಕೆಲಸ ಮುಗಿಸಿದರೆ ಗ್ರೂಪಿನಲ್ಲಿ ಚಪ್ಪಾಳೆಯ ಇಮೋಜಿ ಹಾಕುವವರು ನಾವೇ. ಆ ಚಪ್ಪಾಳೆ ನಿಲ್ಲಿಸೋಣ. ಮೂರು ರಾತ್ರಿ ಯಾಕೆ ಬೇಕಾಯಿತು ಎಂದು ಕೇಳಿ, ಮೊದಲು ಅವನನ್ನು ಮಲಗಲು ಕಳಿಸೋಣ.