ಮಂಗಳಾರತಿಯೋ, ಬಗ್ ರಿಪೋರ್ಟೋ?

ನಮ್ಮ ಆಫೀಸುಗಳಲ್ಲಿ ನಾಲ್ಕು ಜನ ಕನ್ನಡದ ಹುಡುಗರು ಕಾಫಿ ಮಶೀನ್ ಹತ್ತಿರ ಸೇರಿದರೆ ಒಂದು ಪದ ಕಿವಿಗೆ ಬಿದ್ದೇ ಬೀಳುತ್ತದೆ - ಮಂಗಳಾರತಿ. "ಇವತ್ತು ಮ್ಯಾನೇಜರ್ ಹತ್ರ ಸರಿಯಾಗಿ ಮಂಗಳಾರತಿ ಆಯ್ತು ಮಗಾ" ಅಂತ ಒಬ್ಬ ಅಂದರೆ, "ನಂಗೆ ನಿನ್ನೆನೇ ಸಹಸ್ರನಾಮ ಮುಗೀತು" ಅಂತ ಇನ್ನೊಬ್ಬ. ಒಂದಿಷ್ಟು ನಗು, ಆಮೇಲೆ ಎಲ್ಲರೂ ವಾಪಸ್ ಸೀಟಿಗೆ. ಬೈಗುಳಕ್ಕೆ ಇಷ್ಟು ಚೆಂದದ ದೇವಸ್ಥಾನದ ಹೆಸರಿಟ್ಟಿರುವುದಕ್ಕೆ ನಮ್ಮವರನ್ನು ಮೆಚ್ಚಬೇಕು :-)

ಆದರೆ ತೊಂದರೆ ಇರುವುದೂ ಆ ಪದದಲ್ಲೇ ಅಂತ ನನಗೆ ಇತ್ತೀಚೆಗೆ ಅನಿಸುತ್ತಿದೆ. ಮಂಗಳಾರತಿ ಅಂದ ಮೇಲೆ ಅದರಲ್ಲಿ ಏನು ಹೇಳಿದರು ಅನ್ನುವುದು ಯಾರಿಗೂ ಬೇಕಾಗಿಲ್ಲ. ಯಾರಿಗೆ ಆಯ್ತು, ಎಷ್ಟು ಜೋರಾಗಿ ಆಯ್ತು, ಯಾರ ಎದುರಿಗೆ ಆಯ್ತು, ಅಷ್ಟೇ ಸುದ್ದಿ. ಗಂಟೆ ಜಾಗಟೆ ಸದ್ದಿನಲ್ಲಿ ಮಂತ್ರ ಯಾರಿಗೆ ಕೇಳಿಸುತ್ತೆ ಹೇಳಿ?

ತಪ್ಪು ತೋರಿಸಿದಾಗ ಅದನ್ನು ಹೇಗೆ ತಗೋಬೇಕು ಅಂತ ನಮಗೆ ಯಾರೂ ಕಲಿಸಿಲ್ಲ. ಇಂಜಿನಿಯರಿಂಗ್‌ನ ನಾಲ್ಕು ವರ್ಷ ನೆನಪಿಸಿಕೊಳ್ಳಿ. ಲ್ಯಾಬ್ ರೆಕಾರ್ಡ್ ಸರಿಯಿಲ್ಲ ಅಂದರೆ ಲೆಕ್ಚರರ್ ಅದನ್ನು ಟೇಬಲ್ ಮೇಲೆ ಎಸೆಯುತ್ತಿದ್ದರು, ಹುಡುಗರು "ಸಾರಿ ಸರ್" ಅಂತ ಎತ್ತಿಕೊಂಡು ಬರುತ್ತಿದ್ದರು. ವೈವಾದಲ್ಲಿ ಎಕ್ಸ್‌ಟರ್ನಲ್ "ಯಾರಪ್ಪಾ ನಿನ್ನನ್ನ ಪಾಸ್ ಮಾಡಿದ್ದು" ಅಂದರೆ ತಲೆ ತಗ್ಗಿಸಿ ನಿಂತರಾಯಿತು. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಹೋದರೆ ಅಲ್ಲಿಗೆ ಮುಗೀತು, ಅದೇ ಉತ್ತರವನ್ನು ಸರಿಮಾಡಿಕೊಂಡು ಮತ್ತೆ ತಾ ಅಂತ ಯಾರೂ ಕೇಳುತ್ತಿರಲಿಲ್ಲ. ಆಫೀಸಿನಲ್ಲಿ ಹಾಗಲ್ಲ. ಮಾಡಿದ ಕೆಲಸ ವಾಪಸ್ ಬರುತ್ತೆ. ಸರಿಮಾಡಿ ಕಳಿಸಿದರೆ ಇನ್ನೊಂದು ಸಲ ಬರುತ್ತೆ. ಹೊಸದಾಗಿ ಸೇರಿದವರಿಗೆ ಇದೇ ಮೊದಲ ಆಘಾತ. ವಾಪಸ್ ಬಂದಿದ್ದನ್ನು ಅವರು "ಫೇಲ್" ಅಂತ ಓದಿಕೊಳ್ಳುತ್ತಾರೆ. ಕಳಿಸಿದವರ ಮನಸ್ಸಿನಲ್ಲಿ ಅದು "ಇನ್ನೂ ಮುಗಿದಿಲ್ಲ" ಅಂತ ಮಾತ್ರ ಇರುತ್ತೆ.

ಇದನ್ನೆಲ್ಲ ಯೋಚನೆ ಮಾಡುವ ಹಾಗೆ ಮಾಡಿದ್ದು ನಮ್ಮ ಚಿಕ್ಕಪ್ಪನ ಮಗ. ಹಾಸನ ಜಿಲ್ಲೆಯ ಹುಡುಗ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಂಗಳೂರಿನ ಒಂದು ಕಂಪನಿಗೆ ಸೇರಿ ಎರಡೂವರೆ ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಒಂದು ರಾತ್ರಿ ಫೋನ್ ಮಾಡಿ "ಅಣ್ಣಾ, ಪೇಪರ್ ಹಾಕಿಬಿಡೋಣ ಅಂತಿದೀನಿ" ಅಂದ. ಯಾಕೋ ಅಂದರೆ, ಟೀಮ್ ಕಾಲ್‌ನಲ್ಲಿ ಅವನ ಲೀಡ್ ಎಲ್ಲರ ಮುಂದೆ "ನಿನ್ನ ಕಮ್ಯುನಿಕೇಶನ್ ಸರಿ ಇಲ್ಲ, ಓನರ್‌ಶಿಪ್ ಇಲ್ಲ" ಅಂದರಂತೆ. ಅಷ್ಟೇ. ಆ ಎರಡು ಪದ ಹಿಡಿದುಕೊಂಡು ಹುಡುಗ ಮೂರು ದಿನ ನಿದ್ದೆ ಮಾಡಿರಲಿಲ್ಲ. ನನ್ನ ಇಂಗ್ಲಿಷು ಇಷ್ಟೇ, ಹಳ್ಳಿಯಿಂದ ಬಂದವರಿಗೆ ಇದು ಆಗೋದಲ್ಲ, ಅವರೇ ತೆಗೆದುಹಾಕುವ ಮೊದಲು ನಾನೇ ಹೋಗ್ತೀನಿ.. ಇದು ಅವನ ಲೆಕ್ಕ. ಆ ಕಡೆ ಚಿಕ್ಕಪ್ಪ ಅವನ ಓದಿಗೆ ಮಾಡಿದ್ದ ಸಾಲದ ಕಂತು ಶುರುವಾಗುವುದರಲ್ಲಿತ್ತು.

ನಾನು ಅವನಿಗೆ ಸಮಾಧಾನ ಹೇಳಲಿಲ್ಲ. ಸಮಾಧಾನದಿಂದ ಕಂತು ಕಟ್ಟೋಕೆ ಆಗಲ್ಲ. "ಟೆಸ್ಟರ್ ಒಬ್ಬ ಬಂದು ನಿನ್ನ ಅಪ್ಲಿಕೇಶನ್ ಚೆನ್ನಾಗಿಲ್ಲ ಅಂತ ಬಗ್ ಹಾಕಿದರೆ ಏನು ಮಾಡ್ತೀಯ?" ಅಂತ ಕೇಳಿದೆ. "ಡೀಟೇಲ್ಸ್ ಕೊಡಿ ಅಂತ ವಾಪಸ್ ಕಳಿಸ್ತೀನಿ" ಅಂದ. ಇದೂ ಅಷ್ಟೇ ಅಂದೆ.

ನಮ್ಮ ಕಸುಬಿನವರಿಗೆಲ್ಲ ಗೊತ್ತು, ಬಗ್ ರಿಪೋರ್ಟ್ ಅಂದರೆ ಅದರಲ್ಲಿ ಮೂರು ವಿಷಯ ಇರಲೇಬೇಕು. ಏನು ಮಾಡಿದಾಗ ಹೀಗಾಯ್ತು, ಏನಾಗಬೇಕಿತ್ತು, ಏನಾಯ್ತು. ಈ ಮೂರಿಲ್ಲದ ಬಗ್ಗನ್ನು ಎಂಥಾ ದೊಡ್ಡ ಇಂಜಿನಿಯರೂ ಸರಿಮಾಡಲಾರ. ಮೇಲಿನವರ ಟೀಕೆಯಲ್ಲೂ ಈ ಮೂರನ್ನು ಹುಡುಕಬೇಕು. ಇಲ್ಲದಿದ್ದರೆ ಕೇಳಿ ತಗೋಬೇಕು. ಮರುದಿನ ಒಬ್ಬರೇ ಇರುವಾಗ ಹೋಗಿ ಮೂರೇ ಪ್ರಶ್ನೆ ಕೇಳು ಅಂದೆ. ನಿಮಗೆ ಹಾಗೆ ಅನಿಸಿದ ಒಂದು ಸಂದರ್ಭ ಹೇಳ್ತೀರಾ? ಆಗ ನಾನು ಏನು ಮಾಡಬೇಕಿತ್ತು? ಮುಂದಿನ ಎರಡು ವಾರದಲ್ಲಿ ಏನು ಕಂಡರೆ ನಿಮಗೆ ಸರಿಹೋಗಿದೆ ಅನಿಸುತ್ತೆ? ಉತ್ತರ ಬರೆದುಕೋ, ಸಂಜೆ ಎರಡು ಸಾಲಿನ ಮೇಲ್ ಹಾಕು.

ಅವನು ಕೇಳಿದ. ಹೊರಬಿದ್ದ ಸಂಗತಿ ಏನು ಗೊತ್ತೇ? ಅವನ ಇಂಗ್ಲಿಷಿಗೂ ಆ ಮಾತಿಗೂ ಸಂಬಂಧವೇ ಇರಲಿಲ್ಲ. ಬೇರೆ ಟೀಮಿನಿಂದ ಒಂದು ಆಕ್ಸೆಸ್ ಬರಬೇಕಿತ್ತು. ಅದು ಬಂದಿಲ್ಲ ಅಂತ ಇವನು ಸೋಮವಾರವೇ ಗೊತ್ತಿದ್ದರೂ ಶುಕ್ರವಾರದವರೆಗೆ ಸ್ಟೇಟಸ್‌ನಲ್ಲಿ "ಇನ್ ಪ್ರೋಗ್ರೆಸ್" ಅಂತಲೇ ಬರೆದಿದ್ದ. ಲೀಡ್‌ಗೆ ಬೇಕಿದ್ದದ್ದು ಸೋಮವಾರ ಒಂದು ಸಾಲು - "ನನ್ನ ಕೆಲಸ ಇಂಥ ಕಡೆ ನಿಂತಿದೆ". ಅದಕ್ಕೆ ಅವರು ಇಟ್ಟ ಹೆಸರು ಕಮ್ಯುನಿಕೇಶನ್. ಅದನ್ನು ತಾನೇ ಬೆನ್ನತ್ತಲಿಲ್ಲ ಅನ್ನುವುದಕ್ಕೆ ಇಟ್ಟ ಹೆಸರು ಓನರ್‌ಶಿಪ್. ಹೆದರಿಕೆಯಿಂದ ಹೇಳದೇ ಇದ್ದವನಿಗೆ ಭಾಷೆ ಬರಲ್ಲ ಅಂತ ಕೇಳಿಸಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ.

ಕನ್ನಡ ಮೀಡಿಯಂ ಹುಡುಗ ಹುಡುಗಿಯರಿಗೆ ಈ ಮಾತು ಸ್ವಲ್ಪ ಒತ್ತಿ ಹೇಳಬೇಕು. "ಕಮ್ಯುನಿಕೇಶನ್ ಸಾಲದು" ಅನ್ನುವುದು ನಮ್ಮ ಆಫೀಸುಗಳಲ್ಲಿ ಕಿರಾಣಿ ಅಂಗಡಿ ಚೀಲ ಇದ್ದ ಹಾಗೆ, ಏನು ಬೇಕಾದರೂ ಅದರೊಳಗೆ ಹಾಕುತ್ತಾರೆ. ಮೇಲ್ ಉದ್ದವಾಯ್ತು ಅಂತಲೂ ಇರಬಹುದು, ಕ್ಲೈಂಟ್ ಕಾಲ್‌ನಲ್ಲಿ ಬಾಯಿಬಿಡಲಿಲ್ಲ ಅಂತಲೂ ಇರಬಹುದು, ತಡವಾಗುತ್ತೆ ಅಂತ ಮೊದಲೇ ಹೇಳಲಿಲ್ಲ ಅಂತಲೂ ಇರಬಹುದು. ನಿಮ್ಮ ಉಚ್ಚಾರಣೆ ಅವರಿಗೆ ಹಿಡಿಸಲಿಲ್ಲ ಅಂತಲೂ ಇರಬಹುದು, ಇಲ್ಲ ಅನ್ನಲಾರೆ. ಮೊದಲ ಮೂರನ್ನು ಹದಿನೈದು ದಿನದಲ್ಲಿ ಸರಿಮಾಡಬಹುದು. ಕೊನೆಯದು ನಿಮ್ಮ ತೊಂದರೆಯೇ ಅಲ್ಲ. ಚೀಲ ಬಿಚ್ಚಿ ನೋಡದೇ ಹೊತ್ತುಕೊಂಡು ಹೋಗಬೇಡಿ.

ಇದು ಬರೀ ನನ್ನ ತಲೆಯಿಂದ ಬಂದ ಉಪದೇಶ ಅಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಅನ್ನುವ ಇಬ್ಬರು ಸಂಶೋಧಕರು 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ಆಗಿದ್ದ ಅನೇಕ ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದರು. ಒಟ್ಟು 607 ಫಲಿತಾಂಶಗಳು. ಸರಾಸರಿ ತೆಗೆದರೆ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸುತ್ತೆ, ಸರಿ. ಆದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಕೆಟ್ಟಿತ್ತು! ಹೊಗಳಿದರೋ ತೆಗಳಿದರೋ ಅನ್ನುವುದರಿಂದ ಈ ವ್ಯತ್ಯಾಸ ವಿವರಿಸೋಕೆ ಆಗಲಿಲ್ಲ. ಅವರು ಕಂಡುಕೊಂಡದ್ದು ಇಷ್ಟು: ಮಾತು ಕೇಳಿದವನ ಗಮನ ಕೆಲಸದಿಂದ ಜಾರಿ ತನ್ನ ಮೇಲೆ ಹೋದಷ್ಟೂ ಅದರಿಂದ ಉಪಯೋಗ ಕಡಿಮೆ. "ಈ ಫಂಕ್ಷನ್ ತಪ್ಪು" ಅಂದರೆ ಗಮನ ಫಂಕ್ಷನ್ ಮೇಲೆ. "ನಿನಗೆ ಇಷ್ಟೂ ಗೊತ್ತಾಗಲ್ವಾ" ಅಂದರೆ ಗಮನ ಪೂರ್ತಿ ನನ್ನ ಮೇಲೆ, ಫಂಕ್ಷನ್ ಅಲ್ಲೇ ತಪ್ಪಾಗಿಯೇ ಬಿದ್ದಿರುತ್ತೆ.

ನಮ್ಮ ಕಸುಬಿನ ಹಿರಿಯರಿಗೆ ಇದು ಇನ್ನೂ ಮೊದಲೇ ಗೊತ್ತಿತ್ತು. ಐಬಿಎಂನ ಮೈಕಲ್ ಫೇಗನ್ 1976ರಲ್ಲಿ ಕೋಡ್ ಇನ್ಸ್‌ಪೆಕ್ಷನ್ ಅನ್ನುವ ಪದ್ಧತಿಯನ್ನು ಬರೆದು ಪ್ರಕಟಿಸಿದಾಗ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದರು - ಅಲ್ಲಿ ಸಿಕ್ಕ ತಪ್ಪುಗಳನ್ನು ಪ್ರೋಗ್ರಾಮರ್‌ನ ಅಪ್ರೈಸಲ್‌ಗೆ ಬಳಸಕೂಡದು. ಕಾರಣ ಕಷ್ಟದ್ದೇನಲ್ಲ. ತಪ್ಪು ಸಿಕ್ಕರೆ ಸಂಬಳಕ್ಕೆ ಕತ್ತರಿ ಅಂತ ಗೊತ್ತಾದ ದಿನದಿಂದ ಯಾರೂ ತಪ್ಪು ತೋರಿಸಲ್ಲ, ಯಾರೂ ತೋರಿಸೋಕೆ ಬಿಡಲ್ಲ. ತಪ್ಪು ಮಾತ್ರ ಸದ್ದಿಲ್ಲದೆ ಪ್ರೊಡಕ್ಷನ್‌ಗೆ ಹೋಗುತ್ತೆ.

ಈಗ ನಾನೂ ಇಬ್ಬರು ಹೊಸಬರ ಕೋಡ್ ರಿವ್ಯೂ ಮಾಡುತ್ತೇನೆ. ಒಂದು ಸಣ್ಣ ಪದ್ಧತಿಯಿಂದ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ. ಗೂಗಲ್‌ನವರು ಎಲ್ಲರಿಗೂ ಓದಲು ಇಟ್ಟಿರುವ ಕೋಡ್ ರಿವ್ಯೂ ಮಾರ್ಗಸೂಚಿಯಲ್ಲಿ, ಸಣ್ಣಪುಟ್ಟ ಟಿಪ್ಪಣಿಯ ಹಿಂದೆ "ನಿಟ್" ಅಂತ ಬರೆಯಿರಿ ಅಂತಿದೆ. ಮಾಡಿದರೆ ಒಳ್ಳೇದು, ಬಿಟ್ಟರೂ ನಡೆಯುತ್ತೆ ಅಂತ ಅದರ ಅರ್ಥ. ಹೊಸ ಹುಡುಗಿಯೊಬ್ಬಳಿಗೆ ಇಪ್ಪತ್ತು ಕಾಮೆಂಟ್ ಹೋಗಿ, ಅದರಲ್ಲಿ ಹದಿನೇಳು ನಿಟ್ ಆಗಿದ್ದರೆ ಅವಳ ಪಾಲಿಗೆ ಇರುವುದು ಮೂರೇ ಕೆಲಸ. ಆ ಒಂದು ಪದ ಇಲ್ಲದಿದ್ದರೆ ಇಪ್ಪತ್ತು ಏಟು. 2020ರಿಂದ ಈಚೆಗಂತೂ ಅರ್ಧ ಮಾತು ಚಾಟ್‌ನಲ್ಲೇ ನಡೆಯುತ್ತೆ. ಮುಖ ಕಾಣಲ್ಲ, ದನಿ ಕೇಳಲ್ಲ. ಮೇಲಿನವರು ಕಾಲ್‌ನಿಂದ ಕಾಲ್‌ಗೆ ಓಡುತ್ತಾ "ವೈ ಈಸ್ ದಿಸ್ ಪೆಂಡಿಂಗ್?" ಅಂತ ಹಾಕಿರುತ್ತಾರೆ. ಈ ಕಡೆ ಪಿಜಿಯ ಮಂಚದ ಮೇಲೆ ಕೂತವನು ಅದಕ್ಕೆ ತನ್ನ ಹೆದರಿಕೆಯ ರಾಗ ಹಾಕಿ ಓದಿಕೊಳ್ಳುತ್ತಾನೆ. ಬರೆದದ್ದು ಕಠೋರವಾಗಿ ಕಂಡರೆ ಒಂದು ಸಲ ಫೋನ್ ಮಾಡಿ ಮಾತಾಡುವುದು ವಾಸಿ.

ಹಾಗಂತ ಮೇಲಿನವರು ಹೇಳಿದ್ದೆಲ್ಲ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳಿ ಅನ್ನುವ ಪೈಕಿ ನಾನಲ್ಲ. "ಬೈದವರು ಬದುಕೋಕೆ ಹೇಳಿದರು" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಎಲ್ಲಾ ಸಲ ಅದು ನಿಜ ಅಲ್ಲ. ನನ್ನ ಗೆಳತಿಯೊಬ್ಬಳಿಗೆ ಬೇರೊಂದು ಕಂಪನಿಯಲ್ಲಿ ಒಬ್ಬ ಮ್ಯಾನೇಜರ್ ಸಿಕ್ಕಿದ್ದ. ಯಾವ ಕೆಲಸ, ಯಾವ ದಿನ ಅಂತ ಕೇಳಿದರೆ ಉತ್ತರ ಇಲ್ಲ. "ನಿನಗೆ ಡಿಗ್ರಿ ಕೊಟ್ಟೋರು ಯಾರು", "ಮದುವೆ ಮಾಡ್ಕೊಂಡು ಮನೇಲಿರು" - ಇದೇ ಫೀಡ್‌ಬ್ಯಾಕ್. ಅವಳು ಮೂರು ಪ್ರಶ್ನೆ ಕೇಳಿಯೂ ನೋಡಿದಳು, ಮೇಲೆ ಹೇಳಿಯೂ ನೋಡಿದಳು. ಆಮೇಲೆ ಕೈಯಲ್ಲಿ ಇನ್ನೊಂದು ಆಫರ್ ಹಿಡಿದುಕೊಂಡೇ ಹೊರಬಂದಳು. ಸರಿಯಾಗಿಯೇ ಮಾಡಿದಳು. ಪ್ರಶ್ನೆಗೆ ವಿವರ ಸಿಕ್ಕರೆ ಅದು ಟೀಕೆ. ಪ್ರಶ್ನೆ ಕೇಳಿದ್ದಕ್ಕೇ ಇನ್ನೊಂದು ಏಟು ಬಿದ್ದರೆ ಅದು ಅವಮಾನ. ಅಂಥ ಕಡೆ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ, ಆಫರ್ ಲೆಟರ್ ತೆಗೆದು ಪ್ರೊಬೇಷನ್‌ನಲ್ಲಿ ನೋಟಿಸ್ ಎಷ್ಟು ದಿನ ಅಂತ ನೋಡಿ, ಮುಂದಿನ ದಾರಿ ಹುಡುಕಿ. ಸಹಿಸಿಕೊಂಡರೆ ಒಳ್ಳೆಯವರಾಗುತ್ತಾರೆ ಅಂತ ಕಾಯಬೇಡಿ. ಬಗ್ಗಿದವನಿಗೆ ಇನ್ನೊಂದು ಗುದ್ದು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

"ಕೆಲಸ ಚೆನ್ನಾಗಿ ಬರೋರು ಸ್ವಲ್ಪ ಬಾಯಿ ಜೋರು ಇರ್ತಾರೆ, ಅದನ್ನೆಲ್ಲ ನೋಡ್ಬಾರ್ದು" ಅನ್ನುವ ವಾದವೂ ಇದೆ. ಈ ವಾದಕ್ಕೆ ಎಲ್ಲರೂ ಕೊಡುತ್ತಿದ್ದ ಉದಾಹರಣೆ ಲಿನಸ್ ಟೊರ್ವಾಲ್ಡ್ಸ್. ಲಿನಕ್ಸ್ ಕರ್ನಲ್ ಶುರುಮಾಡಿದವರು, 2005ರಲ್ಲಿ ಗಿಟ್ ಬರೆದವರು, ಮೇಲಿಂಗ್ ಲಿಸ್ಟ್‌ನಲ್ಲಿ ಜನರನ್ನು ಹಿಗ್ಗಾಮುಗ್ಗಾ ಬೈಯುವುದಕ್ಕೂ ಅಷ್ಟೇ ಹೆಸರಾದವರು. ಅಂಥವರೇ 2018ರ ಸೆಪ್ಟೆಂಬರ್‌ನಲ್ಲಿ, ಇಮೇಲ್‌ಗಳಲ್ಲಿ ತಾವು ಮಾಡುತ್ತಿದ್ದ ವೈಯಕ್ತಿಕ ದಾಳಿ ಸರಿಯಲ್ಲ ಅಂತ ಒಪ್ಪಿ, ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ಉಳಿದರು. ಅಕ್ಟೋಬರ್‌ನಲ್ಲಿ ವಾಪಸ್ ಬಂದರು. ಕರ್ನಲ್ ಏನೂ ಮುಳುಗಲಿಲ್ಲ. ಕೆಟ್ಟ ಕೋಡನ್ನು ಈಗಲೂ ಅವರು ಕೆಟ್ಟದ್ದು ಅಂತಲೇ ಹೇಳುತ್ತಾರೆ. ಲಿನಸ್‌ಗೇ ಬೇಡವಾದದ್ದು ನಮ್ಮ ಟೀಮ್ ಲೀಡ್‌ಗಳಿಗೆ ಯಾಕೆ ಬೇಕು?

ನಮ್ಮಲ್ಲಿ ಬಹಳ ಜನ ಇವತ್ತು ಎರಡೂ ಕಡೆ ಇದ್ದೇವೆ. ಮೇಲಿನವರಿಂದ ಕೇಳಿಸಿಕೊಳ್ಳುತ್ತೇವೆ, ಕೆಳಗಿನವರಿಗೆ ಹೇಳುತ್ತೇವೆ. ಹೆಸರು ಹಿಡಿದು ಕರೆಯುವ ಕಂಪನಿ ಅಂತ ಹೇಳಿಕೊಂಡರೂ ಹೊಸಬರ ಮನಸ್ಸಿನಲ್ಲಿ ನಾವು ಇನ್ನೂ "ಸರ್", "ಮೇಡಂ"ಗಳೇ. ಕಾಲ್ ಮುಗಿಸುವ ಗಡಿಬಿಡಿಯಲ್ಲಿ ನಾವು ಎಸೆದ ಎರಡು ಪದ ಯಾರದೋ ಪಿಜಿ ರೂಮಿನಲ್ಲಿ ಮೂರು ರಾತ್ರಿ ನಿದ್ದೆ ಕೆಡಿಸುತ್ತಿರಬಹುದು. "ಪ್ರೊಆಕ್ಟಿವ್ ಆಗಿರು" ಅನ್ನುವ ಬದಲು "ಕೆಲಸ ನಿಂತ ದಿನವೇ ನನಗೆ ಹೇಳು" ಅನ್ನಲು ಹೆಚ್ಚೇನೂ ಖರ್ಚಿಲ್ಲ. ಹೇಳುವುದನ್ನು ಒಬ್ಬರೇ ಇರುವಾಗ ಹೇಳಿ, ಕೆಲಸದ ಹೆಸರು ಹಿಡಿದು ಹೇಳಿ, ಸರಿಹೋದ ಮೇಲೆ ಸರಿಹೋಯ್ತು ಅಂತಲೂ ಹೇಳಿ. ಈ ಕೊನೆಯದನ್ನು ನಾವು ಮರೆತೇ ಬಿಡುತ್ತೇವೆ. ಬಗ್ಗನ್ನು ಕ್ಲೋಸ್ ಮಾಡದೇ ಬಿಟ್ಟರೆ ಅದು ಲಿಸ್ಟ್‌ನಲ್ಲಿ ಓಪನ್ ಆಗಿಯೇ ಕಾಣುತ್ತಿರುತ್ತೆ ಅಲ್ಲವೇ?

ನಿಮ್ಮ ಅನುಭವ ಏನು? ಇಷ್ಟು ವರ್ಷಗಳಲ್ಲಿ ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದ ಮಂಗಳಾರತಿ ಯಾವುದಾದರೂ ಇದ್ದರೆ ಬರೆಯಿರಿ. ಅದರಲ್ಲಿ ಮಂತ್ರ ಏನಿತ್ತು ಅಂತಲೂ ಬರೆಯಿರಿ, ಬರೀ ಗಂಟೆ ಸದ್ದು ಬೇಡ :-)