ಗೌರವಧನವೆಂಬ ಅಗೌರವ

ಪತ್ರಿಕೆಗೆ ಕಾಗದ ಪೂರೈಸುವ ವ್ಯಾಪಾರಿಯ ಹಿಂದಿನ ಬಾಕಿ ತೀರದಿದ್ದರೆ ಮುಂದಿನ ಲೋಡು ಇಳಿಯುವುದಿಲ್ಲ. ವಿದ್ಯುತ್ ಬಿಲ್ಲಿಗೆ ಗಡುವಿದೆ, ಕಟ್ಟಡದ ಬಾಡಿಗೆಗೆ ತಾರೀಕಿದೆ. ಆದರೆ ಅದೇ ಪತ್ರಿಕೆಯ ಮುಖಪುಟಕ್ಕೆ ಚಿತ್ರ ರಚಿಸಿಕೊಟ್ಟವನ ಹಣಕ್ಕೆ ಗಡುವೂ ಇಲ್ಲ, ತಾರೀಕೂ ಇಲ್ಲ. ಅವನು ಕೇಳಿದರೆ 'ಮುಂದಿನ ತಿಂಗಳು ನೋಡೋಣ' ಎಂಬ ಉತ್ತರ. ಎರಡನೆಯ ಬಾರಿ ಕೇಳಿದರೆ 'ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೊಂದು ಅವಸರವೇ' ಎಂಬ ಆಶ್ಚರ್ಯ. ಮೂರನೆಯ ಬಾರಿ ಕೇಳಿದರೆ ಮುಂದಿನ ಸಂಚಿಕೆಗೆ ಬೇರೆ ಚಿತ್ರಕಾರ. ಅನ್ಯಾಯ, ಶೋಷಣೆ, ಹಕ್ಕು ಎಂಬ ಪದಗಳನ್ನು ಸಂಪಾದಕೀಯಗಳಲ್ಲಿ ಧಾರಾಳವಾಗಿ ಬಳಸುವ ಪತ್ರಿಕಾರಂಗವು ತನ್ನದೇ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿರುವ ಈ ಬಿಲ್ಲನ್ನು ಯಾವ ಪದದಿಂದ ಕರೆಯುತ್ತದೆ ಎಂದು ನಾವು ಕೇಳಬಯಸುತ್ತೇವೆ.

ಪದಗಳಿಗೇನೂ ಕೊರತೆಯಿಲ್ಲ. ಯಾವ ಸಂಸ್ಥೆಯ ಸಂಬಳಪಟ್ಟಿಯಲ್ಲೂ ಹೆಸರಿಲ್ಲದೆ, ಹಲವು ಪತ್ರಿಕೆಗಳಿಗೂ ಪ್ರಕಾಶಕರಿಗೂ ಚಿತ್ರ ಬರೆದು ಬದುಕುವವನನ್ನು ಕನ್ನಡ ಪತ್ರಿಕೋದ್ಯಮ 'ಹವ್ಯಾಸಿ' ಎಂದು ಕರೆಯುತ್ತ ಬಂದಿದೆ. ಅಂಚೆಚೀಟಿ ಸಂಗ್ರಹಿಸುವುದು ಹವ್ಯಾಸ, ಬಿಡುವಿನಲ್ಲಿ ಮೀನು ಹಿಡಿಯುವುದು ಹವ್ಯಾಸ. ಮನೆಯ ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ತಾಯಿಯ ಔಷಧಿ ಎಲ್ಲವನ್ನೂ ಕುಂಚದಿಂದಲೇ ದುಡಿದು ತರುವವನ ಕಸುಬು ಹವ್ಯಾಸ ಹೇಗಾಯಿತು? ಅವನಿಗೆ ಕೊಡುವ ಹಣಕ್ಕೆ ಇನ್ನೂ ಸುಂದರವಾದ ಹೆಸರಿದೆ: ಗೌರವಧನ. ಕೂಲಿ ಎಂದರೆ ಲೆಕ್ಕ ಕೇಳಬಹುದು, ಸಂಬಳ ಎಂದರೆ ತಾರೀಕು ಕೇಳಬಹುದು. ಗೌರವಧನ ಎಂದ ಕೂಡಲೇ ಅದು ಕೊಡುವವನ ಔದಾರ್ಯವಾಗಿಬಿಡುತ್ತದೆ; ಕೇಳುವುದೇ ಅಸಭ್ಯತೆ ಎನಿಸುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಸಾವಿರ ಬೀಡಿಗೆ ಇಷ್ಟು ಎಂದು ಸರಕಾರ ಗೊತ್ತುಪಡಿಸಿದ ಕನಿಷ್ಠ ದರವಾದರೂ ಇದೆ. ಅದು ಪೂರ್ತಿ ಕೈಸೇರುತ್ತದೆಯೇ ಎಂಬುದು ಬೇರೆ ಮಾತು. ಚಿತ್ರಕಾರನಿಗೆ ಜಗಳವಾಡಲು ಆ ದರವೂ ಇಲ್ಲ.

ಆ ಚಿತ್ರದ ಹಿಂದಿನ ದುಡಿಮೆಯನ್ನು ಓದುಗರು ಕಂಡಿರಲಾರರು. ವ್ಯಂಗ್ಯಚಿತ್ರಕಾರನ ದಿನ ಆರಂಭವಾಗುವುದು ಪೆನ್ಸಿಲಿನಿಂದಲ್ಲ, ನಾಲ್ಕೈದು ದಿನಪತ್ರಿಕೆಗಳ ಓದಿನಿಂದ. ಆಯವ್ಯಯದ ಒಳಸುಳಿ ತಿಳಿಯದವನು ಅದರ ಬಗ್ಗೆ ನಗಿಸಲಾರ. ಸಂಜೆ ಸಂಪಾದಕರ ಕರೆ ಬರುತ್ತದೆ, ರಾತ್ರಿ ಒಂಬತ್ತಕ್ಕೆ ಪುಟ ಮುಗಿಯಬೇಕು. ಮೂರು ಕಲ್ಪನೆಗಳ ಕಚ್ಚಾ ರೇಖೆಗಳನ್ನು ಕಳುಹಿಸಿದರೆ ಎರಡು ತಿರಸ್ಕೃತವಾಗುತ್ತವೆ, ಮೂರನೆಯದಕ್ಕೆ ತಿದ್ದುಪಡಿಗಳು ಬರುತ್ತವೆ. ಮಂತ್ರಿಯ ಮೂಗು ಚಿಕ್ಕದಾಗಬೇಕು, ಜಾಹೀರಾತುದಾರನ ಅಂಗಡಿಯನ್ನು ಹೋಲುವ ಫಲಕ ಅಳಿಯಬೇಕು. ಎಲ್ಲ ಮುಗಿಯುವಷ್ಟರಲ್ಲಿ ಎಲ್ಲೋ ರೈಲು ಅಪಘಾತವಾಗುತ್ತದೆ, ಪುಟ ಬದಲಾಗುತ್ತದೆ, ಚಿತ್ರ ಹೊರಬೀಳುತ್ತದೆ. ಅಚ್ಚಾಗದ ಚಿತ್ರಕ್ಕೆ ಹಣವಿಲ್ಲ ಎಂಬುದು ಎಲ್ಲೂ ಬರೆಯದ, ಆದರೆ ಯಾರೂ ಮೀರದ ನಿಯಮ. ದರ್ಜಿಗೆ ಬಟ್ಟೆ ಹೊಲಿಯಲು ಕೊಟ್ಟು, ಮದುವೆ ಮುಂದಕ್ಕೆ ಹೋಯಿತೆಂದು ಹೊಲಿಗೆಯ ಹಣ ಕೊಡದವರನ್ನು ಊರು ಏನೆಂದು ಕರೆಯುತ್ತದೆ? ಕಂಪ್ಯೂಟರು, ಚಿತ್ರ ಬರೆಯುವ ಟ್ಯಾಬ್ಲೆಟ್ಟು, ತಂತ್ರಾಂಶದ ಬಾಡಿಗೆ, ಇಂಟರ್‌ನೆಟ್ಟು ಎಲ್ಲವೂ ಚಿತ್ರಕಾರನ ಕಿಸೆಯಿಂದಲೇ. ಕಣ್ಣು, ಬೆನ್ನು, ಮಣಿಕಟ್ಟುಗಳ ಸವೆತವೂ ಅವನದೇ.

ಪ್ರತಿಭೆಯಿದ್ದವನು ಹೇಗಾದರೂ ಮೇಲೆ ಬರುತ್ತಾನೆ ಎಂದು ಹೇಳುವವರು ಆರ್.ಕೆ. ಲಕ್ಷ್ಮಣರ ಹೆಸರೆತ್ತುವುದು ರೂಢಿ. ಆ ಉದಾಹರಣೆಯನ್ನೇ ಸ್ವಲ್ಪ ನೋಡೋಣ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅವರು ಅಣ್ಣ ಆರ್.ಕೆ. ನಾರಾಯಣರ ಕತೆಗಳಿಗೆ 'ದಿ ಹಿಂದೂ'ವಿನಲ್ಲಿ ಚಿತ್ರ ಬರೆದರು, ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ 'ಕೊರವಂಜಿ'ಗೂ ಬರೆದರು. ಮುಂಬೈಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ 1951ರಲ್ಲಿ ಆರಂಭವಾದ ಆ ಪುಟ್ಟ ದೈನಿಕ ಚೌಕಟ್ಟಿನಲ್ಲಿ 'ಶ್ರೀಸಾಮಾನ್ಯ' ದಶಕಗಳ ಕಾಲ ಮೌನವಾಗಿ ನಿಲ್ಲಲು ಸಾಧ್ಯವಾದದ್ದು ಲಕ್ಷ್ಮಣರಿಗೆ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಖಾಯಂ ಕುರ್ಚಿ, ತಿಂಗಳ ಸಂಬಳ, ಬೆನ್ನಿಗೊಂದು ಸಂಸ್ಥೆ ಇದ್ದುದರಿಂದ. ಈ ಭಾಗವನ್ನು ಹೇಳುವವರು ಕಡಿಮೆ. ಇಂದು ಆ ಕುರ್ಚಿಯನ್ನೇ ತೆಗೆದುಹಾಕಿದವರು 'ಮತ್ತೊಬ್ಬ ಲಕ್ಷ್ಮಣ್ ಏಕೆ ಹುಟ್ಟುತ್ತಿಲ್ಲ' ಎಂದು ವಿಶೇಷಾಂಕಗಳಲ್ಲಿ ನಿಟ್ಟುಸಿರುಬಿಡುತ್ತಿದ್ದಾರೆ.

ಕಾನೂನು ಇವರನ್ನು ಮರೆತಿರಲಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಕರ್ತ ಯಾರೆಂದು ವಿವರಿಸುವಾಗ ಸಂಪಾದಕ, ವರದಿಗಾರರ ಸಾಲಿನಲ್ಲಿಯೇ ವ್ಯಂಗ್ಯಚಿತ್ರಕಾರನನ್ನೂ ಹೆಸರಿಸಿತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಆದರೆ ಇವೆಲ್ಲ ನೇಮಕಗೊಂಡವರಿಗೆ. ಆದ್ದರಿಂದ ಸಂಸ್ಥೆಗಳು ಕಂಡುಕೊಂಡ ಉಪಾಯ ಸರಳ: ನೇಮಿಸಿಕೊಳ್ಳದಿರುವುದು. ಕೆಲಸ ಅದೇ, ಕೈ ಅದೇ, ಹೆಸರು ಮಾತ್ರ ಹವ್ಯಾಸಿ. ಆ 1955ರ ಕಾಯ್ದೆಯನ್ನೂ 2020ರ ಕಾರ್ಮಿಕ ಸಂಹಿತೆ ತನ್ನೊಳಗೆ ಕರಗಿಸಿಕೊಂಡಿತು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆ ತಂದದ್ದು ಸ್ವಾಗತಾರ್ಹವೇ. ಆದರೆ ಅದು ಆನ್‌ಲೈನ್ ವೇದಿಕೆಗಳ ಮೂಲಕ ದುಡಿಯುವವರಿಗೆ. ಸಂಪಾದಕರ ಫೋನ್ ಕರೆಯನ್ನು ನಂಬಿ ರಾತ್ರಿ ಜಾಗರಣೆ ಮಾಡುವವನಿಗೆ ಅದರಲ್ಲೂ ಸ್ಥಳವಿಲ್ಲ.

ಹಣದ ಮಾತು ಹೀಗಾದರೆ ಹಕ್ಕಿನ ಮಾತು ಇನ್ನೂ ಶೋಚನೀಯ. ಒಂದು ಲೇಖನಕ್ಕೆಂದು ಬರೆಸಿಕೊಂಡ ಚಿತ್ರ ಎರಡು ವರ್ಷಗಳ ನಂತರ ಬೇರೊಂದು ಲೇಖನದ ಪಕ್ಕದಲ್ಲಿ, ಸಹಿಯನ್ನು ಕತ್ತರಿಸಿಕೊಂಡು, ಅಡಿಯಲ್ಲಿ 'ಸಾಂದರ್ಭಿಕ ಚಿತ್ರ' ಎಂಬ ಎರಡು ಪದಗಳನ್ನು ಹೊತ್ತು ಪ್ರತ್ಯಕ್ಷವಾಗುತ್ತದೆ. ಚಿತ್ರ ಸಂದರ್ಭಕ್ಕೆ ತಾನಾಗಿಯೇ ಹುಟ್ಟಿಕೊಂಡಿತೇ? 1957ರ ಕೃತಿಸ್ವಾಮ್ಯ ಕಾಯ್ದೆ ಸ್ಪಷ್ಟವಾಗಿದೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅದರಲ್ಲಿ ಅವಧಿಯನ್ನು ಹೇಳಿರದಿದ್ದರೆ ಅದು ಐದು ವರ್ಷ ಮಾತ್ರ, ಪ್ರದೇಶವನ್ನು ಹೇಳಿರದಿದ್ದರೆ ಭಾರತ ಮಾತ್ರ. ಬೆಲೆಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಒಡೆತನದ ಬಗ್ಗೆ ಕಾಯ್ದೆಯಲ್ಲಿ ಬೇರೆ ನಿಯಮವಿರುವುದರಿಂದಲೇ ಒಂದು ಪುಟದ ಒಪ್ಪಂದಪತ್ರ ಅನಿವಾರ್ಯ. ಇನ್ನು 57ನೆಯ ಕಲಮಿನ ಪ್ರಕಾರ, ಹಕ್ಕನ್ನು ಮಾರಿದ ನಂತರವೂ ತನ್ನ ಕೃತಿಗೆ ತನ್ನ ಹೆಸರು ಕೇಳುವ, ಅದನ್ನು ವಿಕೃತಗೊಳಿಸದಂತೆ ತಡೆಯುವ ಅಧಿಕಾರ ಕಲಾವಿದನಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ತನ್ನ ಉಬ್ಬುಶಿಲ್ಪವನ್ನು ಕಿತ್ತು ಹಾಳುಗೆಡವಿದ ಸರಕಾರದ ವಿರುದ್ಧ ಶಿಲ್ಪಿ ಅಮರ್‌ನಾಥ್ ಸೆಹಗಲ್ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ. ಐದು ಲಕ್ಷ ರೂಪಾಯಿ ಪರಿಹಾರವನ್ನೂ ಉಳಿದ ಅವಶೇಷಗಳನ್ನೂ ಅವರಿಗೆ ಒಪ್ಪಿಸುವಂತೆ ನ್ಯಾಯಾಲಯ ಆದೇಶಿಸಿತು. ಕೇಂದ್ರ ಸರಕಾರಕ್ಕೆ ಅನ್ವಯಿಸುವ ಕಾನೂನು ಪತ್ರಿಕಾ ಕಚೇರಿಗಳಿಗೆ ಅನ್ವಯಿಸುವುದಿಲ್ಲವೇ?

ಸಂಕಟದ ವೇಳೆಯಲ್ಲಿ ಯಾರು ಯಾರ ಜೊತೆ ನಿಲ್ಲುತ್ತಾರೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 1987ರಲ್ಲಿ ತಮಿಳು ವಾರಪತ್ರಿಕೆ 'ಆನಂದ ವಿಕಟನ್' ಮುಖಪುಟದ ವ್ಯಂಗ್ಯಚಿತ್ರವೊಂದು ಶಾಸಕರನ್ನೂ ಮಂತ್ರಿಗಳನ್ನೂ ಲೇವಡಿ ಮಾಡಿದಾಗ ತಮಿಳುನಾಡು ವಿಧಾನಸಭೆ ಮೂರು ತಿಂಗಳ ಜೈಲುಶಿಕ್ಷೆ ವಿಧಿಸಿತು. ಯಾರಿಗೆ? ಚಿತ್ರ ಬರೆದವನಿಗಲ್ಲ, ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ. ನನ್ನ ಪತ್ರಿಕೆಯಲ್ಲಿ ಅಚ್ಚಾದದ್ದಕ್ಕೆ ನಾನೇ ಹೊಣೆ ಎಂಬುದು ಅಂದಿನ ಸಂಪಾದಕತ್ವ. ಮೂವತ್ತು ವರ್ಷ ಕಳೆದು ಅದೇ ತಮಿಳುನಾಡಿಗೆ ಬನ್ನಿ. 2017ರ ಅಕ್ಟೋಬರ್‌ನಲ್ಲಿ ಬಡ್ಡಿ ಸಾಲದ ಕಿರುಕುಳ ತಾಳಲಾರದೆ ತಿರುನೆಲ್ವೇಲಿಯ ಜಿಲ್ಲಾಧಿಕಾರಿ ಕಚೇರಿಯ ಆವರಣದಲ್ಲಿ ಒಂದು ಕುಟುಂಬವೇ ಬೆಂಕಿ ಹಚ್ಚಿಕೊಂಡಿತು. ಅದನ್ನು ಕುರಿತು ಚಿತ್ರ ಬರೆದ ಸ್ವತಂತ್ರ ವ್ಯಂಗ್ಯಚಿತ್ರಕಾರ ಜಿ. ಬಾಲಾ ಅವರನ್ನು ನವೆಂಬರ್‌ನಲ್ಲಿ ಪೊಲೀಸರು ಚೆನ್ನೈಯಿಂದ ಬಂಧಿಸಿ ಕರೆದೊಯ್ದರು. ಅದಕ್ಕೂ ಮುನ್ನ, 2012ರಲ್ಲಿ, ಕಾನ್ಪುರದ ಅಸೀಮ್ ತ್ರಿವೇದಿ ಮುಂಬೈಯಲ್ಲಿ ರಾಜದ್ರೋಹದ ಆರೋಪ ಹೊತ್ತು ಜೈಲು ಸೇರಿದ್ದರು. ಇಂದೋರಿನ ಹೇಮಂತ್ ಮಾಲವೀಯ 2021ರಲ್ಲಿ ಬರೆದ ಚಿತ್ರಕ್ಕೆ 2025ರಲ್ಲಿ ಮೊಕದ್ದಮೆ ಎದುರಿಸಿದರು. ಹೈಕೋರ್ಟ್ ನಿರೀಕ್ಷಣಾ ಜಾಮೀನು ನಿರಾಕರಿಸಿದ ಮೇಲೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಮಧ್ಯಂತರ ರಕ್ಷಣೆ ಪಡೆಯಬೇಕಾಯಿತು. ಈ ಚಿತ್ರಗಳೆಲ್ಲ ಅಭಿರುಚಿಗೆ ಒಪ್ಪುವಂಥವೇ ಎಂಬ ಚರ್ಚೆ ಬೇರೆ, ಅದಕ್ಕೆ ಅವಕಾಶವಿದೆ. ಒಂಟಿಯಾಗಿ ದುಡಿಯುವವನ ಬಾಗಿಲನ್ನು ಪೊಲೀಸರು ತಟ್ಟುವಾಗ ಸಂಸ್ಥೆಯ ವಕೀಲನಿರುವುದಿಲ್ಲ, ಮುಂದೆ ನಿಲ್ಲುವ ಸಂಪಾದಕನೂ ಇರುವುದಿಲ್ಲ. ನಮ್ಮ ಆಕ್ಷೇಪ ಅದಕ್ಕೆ.

ಈ ಹೇಡಿತನ ನಮ್ಮ ದೇಶದ್ದು ಮಾತ್ರವಲ್ಲ. 2019ರ ಏಪ್ರಿಲ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ಅಂತಾರಾಷ್ಟ್ರೀಯ ಆವೃತ್ತಿ ಹೊರಗಿನ ಚಿತ್ರಸಂಸ್ಥೆಯಿಂದ ಪಡೆದು ಪ್ರಕಟಿಸಿದ ವ್ಯಂಗ್ಯಚಿತ್ರವೊಂದು ಯಹೂದಿ ದ್ವೇಷದ್ದೆಂದು ತೀವ್ರ ಖಂಡನೆಗೆ ಗುರಿಯಾಯಿತು. ಅದನ್ನು ಬರೆದವರು ಪೋರ್ಚುಗಲ್‌ನ ಒಬ್ಬರು, ಆರಿಸಿದ್ದು ಪತ್ರಿಕೆಯ ಸಂಪಾದಕೀಯ ವಿಭಾಗ. ಆದರೆ ಪತ್ರಿಕೆ ಕಂಡುಕೊಂಡ ಪರಿಹಾರ ದಿನನಿತ್ಯದ ರಾಜಕೀಯ ವ್ಯಂಗ್ಯಚಿತ್ರವನ್ನೇ ನಿಲ್ಲಿಸುವುದು. ಆ ಚಿತ್ರಕ್ಕೆ ಯಾವ ಸಂಬಂಧವೂ ಇಲ್ಲದ ಪ್ಯಾಟ್ರಿಕ್ ಶಪಾಟ್ ಮತ್ತು ಹೆಂಗ್ ಕಿಮ್ ಸಾಂಗ್ ಅವರು ತಮ್ಮ ಕೆಲಸ ಕಳೆದುಕೊಂಡರು.

ನಾವು ಸಣ್ಣ ಪತ್ರಿಕೆಗಳು, ಎಲ್ಲಿಂದ ತರೋಣ ಎಂಬ ಸಮರ್ಥನೆ ಬಹಳ ಹಳೆಯದು. ಕಡಿಮೆ ಕೊಡುವುದು ಬಡತನವಿರಬಹುದು. ಮೊತ್ತವನ್ನೇ ಹೇಳದೆ ಕೆಲಸ ಮಾಡಿಸಿಕೊಳ್ಳುವುದು ಬಡತನವಲ್ಲ. ಅಂದಹಾಗೆ, ಚಿತ್ರಕಾರರೂ ತಿಳಿದಿರಬೇಕಾದ ಒಂದು ಸಂಗತಿಯಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ, ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೇವಾದಾರನಿಗೆ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಬರಹದ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬಾಕಿಗೆ ಚಕ್ರಬಡ್ಡಿ ಹೇರುವ ಕಾನೂನು ಅದು. ಬಡ್ಡಿಯ ಕುರಿತು ನಮ್ಮ ಓದುಗರ ನಿಲುವು ನಮಗೆ ಗೊತ್ತು. ಅಸಲನ್ನು ಸಕಾಲದಲ್ಲಿ ಕೊಟ್ಟರೆ ಆ ಮಾತೇ ಏಳುವುದಿಲ್ಲ.

ಈಗ ಯಂತ್ರವೂ ಬಂದಿದೆ. 2025ರ ಮಾರ್ಚ್‌ನಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೋದ ಶೈಲಿಯಲ್ಲಿ ತಮ್ಮ ಮುಖ ಮೂಡಿಸಿಕೊಳ್ಳುವ ಹುಚ್ಚು ಊರೂರಿಗೆ ಹಬ್ಬಿದ್ದನ್ನು ಎಲ್ಲರೂ ಕಂಡಿದ್ದೇವೆ. ಗೌರವಧನವೂ ಭಾರವೆನಿಸಿದವರಿಗೆ ಅದು ವರದಾನವಾಯಿತು. ಆ ಯಂತ್ರ ಕಲಿತದ್ದು ಯಾರ ಚಿತ್ರಗಳಿಂದ, ಅವರಿಗೆ ಸಿಕ್ಕಿದ್ದೇನು ಎಂದು ಕೇಳುವವರಿಲ್ಲ.

ಸಮುದಾಯದ ಸಂಸ್ಥೆಗಳಿಗೂ ಒಂದು ಮಾತು. ಪತ್ರಿಕೆಗಳ ಚಿತ್ರಗಳಲ್ಲಿ ಮುಸ್ಲಿಮನೆಂದರೆ ಗಡ್ಡ, ಟೋಪಿ, ಕೆಂಗಣ್ಣು ಎಂದು ನಾವೆಲ್ಲ ದೂರುತ್ತೇವೆ. ದೂರು ನ್ಯಾಯವಾದದ್ದೇ. 'ಪ್ರಜಾವಾಣಿ'ಯಲ್ಲಿ ಪಿ. ಮಹಮ್ಮದ್ ಅವರ ವ್ಯಂಗ್ಯಚಿತ್ರಗಳನ್ನು ನೋಡಿ ಹೆಮ್ಮೆಪಟ್ಟವರೂ ನಾವೇ. ಆದರೆ ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ, ಜಮಾಅತಿನ ಸ್ಮರಣ ಸಂಚಿಕೆಗೆ ಊರಿನ ಹುಡುಗನನ್ನೋ ಹುಡುಗಿಯನ್ನೋ ಕರೆದು 'ಪುರುಸೊತ್ತಿನಲ್ಲಿ ಹತ್ತು ಚಿತ್ರ ಗೀಚಿ ಕೊಡು ಮಾರಾಯ, ನಿನಗೂ ಹೆಸರು ಬರುತ್ತದೆ' ಎನ್ನುವ ಹಿರಿಯರು, ಅದೇ ಬಾಯಿಂದ ಅವರ ತಂದೆಗೆ 'ಗೀಚುತ್ತಾ ಕುಳಿತರೆ ಹೊಟ್ಟೆ ತುಂಬೀತೇ, ಗಲ್ಫಿಗೆ ಕಳುಹಿಸಿ' ಎಂದು ಉಪದೇಶಿಸುತ್ತಾರೆ. ಹೊಟ್ಟೆ ತುಂಬದಿರುವುದಕ್ಕೆ ಕಾರಣ ಯಾರು? ಸಜೀವ ಚಿತ್ರಗಳ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದು ಇಲ್ಲಿನ ಚರ್ಚಾವಿಷಯವಲ್ಲ. ಚಿತ್ರ ಬೇಕೆಂದು ಕೇಳುವಾಗ ನೆನಪಾಗದ ಆ ಚರ್ಚೆ ಹಣ ಕೊಡುವಾಗ ಮಾತ್ರ ನೆನಪಾಗುವುದು ಯಾವ ಧಾರ್ಮಿಕತೆ?

ವಾರ್ಷಿಕೋತ್ಸವಗಳು ಬಂದಾಗ ಸಂಚಿಕಾ ಸಮಿತಿಗಳು ಸಭೆ ಸೇರುತ್ತವೆ. ಆ ಸಭೆಯ ನಡಾವಳಿ ಪುಸ್ತಕವನ್ನು ಸದಸ್ಯರು ಒಮ್ಮೆ ತೆರೆಯಿಸಿ ನೋಡಲಿ. ಕಾಗದಕ್ಕೆ, ಮುದ್ರಣಕ್ಕೆ, ಶಾಮಿಯಾನಕ್ಕೆ, ಬಿರಿಯಾನಿಗೆ ಎಷ್ಟೆಷ್ಟೆಂದು ಅದರಲ್ಲಿ ಬರೆದಿರುತ್ತದೆ. ಚಿತ್ರಕಾರನಿಗೆ ಎಷ್ಟು, ಯಾವ ದಿನ ಎಂಬ ಸಾಲು ಇದೆಯೇ ಎಂದು ಅಲ್ಲಿಯೇ ಎದ್ದು ಕೇಳಲಿ.