ಆರ್‌ಸಿ ಕಾರಿಗೆ ಲೋಹದ ಭಾಗ ಹಾಕಿಸಿದರೆ ಮುರಿಯುವುದೇ ಇಲ್ಲವೇ?

ರಿಮೋಟ್ ಕಂಟ್ರೋಲ್ ಕಾರಿನ ಪ್ಲಾಸ್ಟಿಕ್ ಭಾಗಗಳನ್ನೆಲ್ಲ ತೆಗೆದು ಅಲ್ಯೂಮಿನಿಯಂ ಹಾಕಿಸಿದರೆ ಗಾಡಿ ಮುರಿಯುವುದಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಚಕ್ರ ಹಿಡಿದಿರುವ ಸಸ್ಪೆನ್ಷನ್ ಆರ್ಮ್ ನೋಡಿ. ಗೋಡೆಗೆ ಗುದ್ದಿದಾಗ ನೈಲಾನ್ ಆರ್ಮ್ ಬಾಗಿ, ಏಟು ನುಂಗಿ, ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಅಷ್ಟು ಬಾಗದು. ಮಿತಿ ಮೀರಿದರೆ ಸೊಟ್ಟಗಾಗಿ ಹಾಗೇ ಉಳಿಯುತ್ತದೆ. ಇಲ್ಲವೇ ಏಟು ಒಳಕ್ಕೆ ದಾಟಿ, ಆರ್ಮನ್ನು ಹಿಡಿದಿರುವ ದುಬಾರಿ ಭಾಗವೇ ಒಡೆಯುತ್ತದೆ. ಅಗ್ಗದ ಆರ್ಮೇ ಮುರಿಯಲಿ ಬಿಡಿ!

ಮೋಟಾರಿನ ಹಲ್ಲುಚಕ್ರ, ಚಕ್ರ ತಿರುಗಿಸುವ ಶಾಫ್ಟ್ ಬೇರೆ ಮಾತು. ಅಲ್ಲಿ ಸವೆತ, ತಿರುಚುವ ಬಲ ಹೆಚ್ಚು. ಗಡುಸಾಗಿಸಿದ ಉಕ್ಕೇ ಸರಿ. ಆದರೆ ಅದೇ ಗಾತ್ರದ ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು 3 ಪಟ್ಟು ಭಾರ.

ಅಲ್ಯೂಮಿನಿಯಂ ಕೊಳ್ಳುವುದಾದರೆ ಮಿಶ್ರಲೋಹದ ಸಂಖ್ಯೆ ಕೇಳಿ. 7075-ಟಿ6 ಶಾಶ್ವತವಾಗಿ ಸೊಟ್ಟಗಾಗುವ ಮುನ್ನ 6061-ಟಿ6ಗಿಂತ ಸುಮಾರು 80% ಹೆಚ್ಚು ಒತ್ತಡ ತಡೆಯುತ್ತದೆ. ನೀಲಿ, ಕೆಂಪು ಹೊಳಪು ನೋಡಿದರೆ ಇದು ತಿಳಿಯದು. ಅದು ಬರೀ ಆನೋಡೈಸಿಂಗ್ ಬಣ್ಣ.